ಹೊಟ್ಟೆ ಹುಣ್ಣಾದ ಕಥೆ

'ನಕ್ಕೂ ನಕ್ಕೂ ಹೊಟ್ಟೆ ಹುಣ್ಣಾಯ್ತು' ಅನ್ನೋ ಮಾತನ್ನು ಫೋನಿನಲ್ಲಿ ಮಾತ್ರ ಹೇಳಬೇಡಿ. ಅದೂ ಭಾನುವಾರ ಬೆಳಿಗ್ಗೆ, ದಾವಣಗೆರೆಯ ಬೆಣ್ಣೆ ದೋಸೆ ಹೋಟೆಲ್ಲಿನ ಗದ್ದಲದಲ್ಲಿ.

ಅವತ್ತು ನನ್ನ ಗೆಳೆಯ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಬಂದಿದ್ದ. ಹರಿಹರಕ್ಕೆ ಹೆಣ್ಣು ನೋಡಲು ಹೊರಟವನು. ಸಪ್ಲೈಯರ್ ಹುಡುಗ ತೋಳುದ್ದ ತಟ್ಟೆ ಜೋಡಿಸಿಕೊಂಡು ಬಂದ. ಒಂದು ವಾಲಿತು. ದೋಸೆ ತಟ್ಟೆಯಲ್ಲೇ ಉಳಿಯಿತು, ಮೇಲಿನ ಬೆಣ್ಣೆ ಮುದ್ದೆ ಮಾತ್ರ ಜಾರಿ ಇವನ ಜೇಬಿಗೆ ಬಿತ್ತು. ಮಾತಿನ ಭರದಲ್ಲಿದ್ದವನಿಗೆ ಗೊತ್ತೇ ಆಗಲಿಲ್ಲ. ಅಷ್ಟರಲ್ಲಿ ಜೇಬಿನ ಫೋನು ಬಡಿದುಕೊಂಡಿತು. ಕಿವಿಗಿಟ್ಟು ಗತ್ತಿನಲ್ಲಿ "ಹಾಂ ಮಾವ, ಹೊರಟೆ" ಅಂದ. ಬೆಣ್ಣೆ ಕೆನ್ನೆಯಿಂದ ಗದ್ದಕ್ಕೆ ಇಳಿಯುತ್ತಿತ್ತು. ಥೇಟ್ ಬೆಣ್ಣೆ ಕೃಷ್ಣನೇ ಹೆಣ್ಣು ನೋಡಲು ಹೊರಟ ಹಾಗೆ!

ಆಗಲೇ ಅವ್ವನ ಫೋನು ಬರಬೇಕೇ? ನಾನಂದಿದ್ದರಲ್ಲಿ 'ನಕ್ಕೂ ನಕ್ಕೂ' ಹೆಂಚಿನ ಚುರ್ ಸದ್ದಿನಲ್ಲಿ ಕರಗಿತು. ಅವ್ವನಿಗೆ ಮುಟ್ಟಿದ್ದು ಬರೀ ಹುಣ್ಣು.

ಮನೆಗೆ ಬರುವಷ್ಟರಲ್ಲಿ ಸುದ್ದಿ ಹರಪನಹಳ್ಳಿಯ ಅತ್ತೆಗೂ ತಲುಪಿತ್ತು. "ಮಂಡಕ್ಕಿ ಮೆಣಸಿನಕಾಯಿ ಕಮ್ಮಿ ಮಾಡು ಅಂತ ಎಷ್ಟ್ ಸಲ ಹೇಳೀನಿ?" ಅಂದಳು ಅವ್ವ. ತಮಾಷೆಗೆ ಅಂದಿದ್ದು ಅಂದರೆ, "ಹುಣ್ಣು ತಮಾಷಿ ಏನೋ?" ಮೂರು ಹೊತ್ತೂ ಮಜ್ಜಿಗೆ ಅನ್ನ. ಸಂಜೆ ಬೀದಿ ತುಂಬಾ ಮೆಣಸಿನಕಾಯಿ ಕರಿಯುವ ವಾಸನೆ ಬರುವಾಗ ಮಜ್ಜಿಗೆ ಕುಡಿಯುವ ಕಷ್ಟ ಈ ಊರಿನವರಿಗೇ ಗೊತ್ತು.

ಮೂರನೇ ದಿನ ಡಾಕ್ಟರ ಹತ್ತಿರ ಎಳೆದೊಯ್ದಳು. ಅವರು ಬಿಡಿಸಿ ಹೇಳಿದರು. ನಗುವಾಗ ಹೊಟ್ಟೆಯ ಸ್ನಾಯುಗಳು ಮತ್ತೆ ಮತ್ತೆ ಬಿಗಿಯುತ್ತವೆ, ನೋವು ಅದರದು. ನಿಜವಾದ ಹುಣ್ಣಿಗೆ ಹೆಚ್ಚಿನ ಸಲ ಒಂದು ಬ್ಯಾಕ್ಟೀರಿಯಾ ಕಾರಣ, ಇಲ್ಲವೇ ಜಾಸ್ತಿ ನುಂಗಿದ ನೋವಿನ ಮಾತ್ರೆ. ಇದನ್ನು ತೋರಿಸೋಕೆ ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್ ಅನ್ನೋ ಡಾಕ್ಟರು 1984ರಲ್ಲಿ ಆ ಬ್ಯಾಕ್ಟೀರಿಯಾವನ್ನೇ ಕುಡಿದು ಹೊಟ್ಟೆ ಕೆಡಿಸಿಕೊಂಡರಂತೆ. 2005ರಲ್ಲಿ ಗೆಳೆಯ ರಾಬಿನ್ ವಾರೆನ್ ಜೊತೆ ನೊಬೆಲ್ ಬಂತು. ನನಗೆ ಬಂದಿದ್ದು ಮಜ್ಜಿಗೆ.

"ಮೆಣಸಿನಕಾಯಿ?" ಆಸೆಯಿಂದ ಕೇಳಿದೆ.

"ಅದರಿಂದ ಹುಣ್ಣಾಗಲ್ಲ. ಇರೋ ಹುಣ್ಣು ಉರೀಬಹುದು ಅಷ್ಟೇ."

ಅವ್ವನ ಮುಖ ಚಿಕ್ಕದಾಯಿತು. "ಹಂಗಾದ್ರೆ ದುಗ್ಗಮ್ಮಗ ಹರಕೆ ಹೊತ್ತಿದ್ದು?"

ಅದಿರಲಿ, ಅಷ್ಟು ನಗುವಂಥದ್ದು ಏನಾಗಿತ್ತು ಅಂತ ಡಾಕ್ಟರು ಕೇಳಿದರು. ಜೇಬಿನ ಬೆಣ್ಣೆಯ ಕಥೆ ಹೇಳಿದೆ. ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡು ಬಗ್ಗಿಬಿಟ್ಟರು.

ಅವ್ವ ಅವರನ್ನೇ ಒಂದು ಗಳಿಗೆ ನೋಡಿದಳು. ಆಮೇಲೆ ಚೀಲದಿಂದ ಮಜ್ಜಿಗೆ ಬಾಟ್ಲಿ ತೆಗೆದು ಅವರ ಟೇಬಲ್ ಮೇಲಿಟ್ಟಳು.