ಸತ್ಯಾಂಶ: ‘ಡೆಲಿವರ್ಡ್’ ಎಂದು ಬಂದ ಮೇಲೂ ಪಾರ್ಸೆಲ್ ಸಿಗದಿದ್ದರೆ

ಟ್ರ್ಯಾಕಿಂಗ್‌ನಲ್ಲಿ ‘ಡೆಲಿವರ್ಡ್’ ಎಂದು ಬಂದರೆ ಮಾರಿದವರ ಹೊಣೆ ಮುಗಿಯಿತು, ದೂರಿಗೆ ಉತ್ತರಿಸಬೇಕಿಲ್ಲ ಎಂಬ ಸಂದೇಶ ಸಣ್ಣ ವ್ಯಾಪಾರಿಗಳ ವಾಟ್ಸಾಪ್ ಗುಂಪುಗಳಲ್ಲಿ ಸುತ್ತುತ್ತಲೇ ಇದೆ. ಅದು ಸರಿಯಲ್ಲ.

‘ಡೆಲಿವರ್ಡ್’ ಎನ್ನುವುದು ಕೊರಿಯರ್‌ನವರು ಹಾಕಿಕೊಂಡ ನಮೂದು ಅಷ್ಟೇ. ಪಕ್ಕದ ಮನೆಗೋ ಅಪಾರ್ಟ್‌ಮೆಂಟಿನ ಸೆಕ್ಯುರಿಟಿ ಕೈಗೋ ಕೊಟ್ಟರೂ ಅದೇ ಬರಬಹುದು. ಮೊದಲು ಗ್ರಾಹಕರಿಗೆ ಅಲ್ಲೆಲ್ಲ ವಿಚಾರಿಸಲು ಹೇಳಿ, ವಿಳಾಸ, ಪಿನ್‌ಕೋಡ್ ತಾಳೆ ನೋಡಿ. ಆಮೇಲೆ ಕೊರಿಯರ್‌ನಿಂದ ಪಿಒಡಿ (ಪ್ರೂಫ್ ಆಫ್ ಡೆಲಿವರಿ, ಅಂದರೆ ತಲುಪಿಸಿದ್ದಕ್ಕೆ ಪುರಾವೆ) ಕೇಳಿ: ಸಹಿ ಅಥವಾ ಒಟಿಪಿ, ಫೋಟೊ, ಸಮಯ. ಸಹಿಯ ಜಾಗದಲ್ಲಿ ಬರೀ ಒಂದು ಗೀಟಿದ್ದರೆ ಅದರ ಸ್ಕ್ರೀನ್‌ಶಾಟನ್ನೇ ಕೊರಿಯರ್‌ನವರಿಗೆ ಕೊಡುವ ದೂರಿಗೆ ಲಗತ್ತಿಸಿ. ಫೋನಿನಲ್ಲಿ ಹೇಳಿದ್ದು ಸಾಲದು. ದೂರು ಬರಹದಲ್ಲಿರಲಿ, ಅದರ ನಂಬರು ಇಟ್ಟುಕೊಳ್ಳಿ. ದೂರು ಕೊಡುವ ಗಡುವು ಒಂದೊಂದು ಕೊರಿಯರ್‌ನದು ಒಂದೊಂದು ಥರ, ತಡ ಬೇಡ.

2020ರ ಗ್ರಾಹಕ ಸಂರಕ್ಷಣಾ (ಇ-ಕಾಮರ್ಸ್) ನಿಯಮಗಳ ಪ್ರಕಾರ, ಮಾರ್ಕೆಟ್‌ಪ್ಲೇಸ್‌ನಲ್ಲಿ (ಹಲವು ವ್ಯಾಪಾರಿಗಳು ಮಾರುವ ಆನ್‌ಲೈನ್ ತಾಣದಲ್ಲಿ) ಮಾರುವವರು ಗ್ರಾಹಕರ ದೂರು ತಲುಪಿದ್ದನ್ನು 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳಲ್ಲಿ ಇತ್ಯರ್ಥ ಮಾಡಬೇಕು. ಪ್ರತಿ ಸಲವೂ ಹಣ ವಾಪಸ್ ಕೊಡಲೇಬೇಕೆಂದು ಇದರರ್ಥವಲ್ಲ.

ಇಂಥ ಸಂದೇಶ ಫಾರ್ವರ್ಡ್ ಮಾಡುವವರು ಒಳ್ಳೆಯ ಮನಸ್ಸಿನಿಂದಲೇ ಮಾಡುತ್ತಾರೆ. ಆದರೆ ಅದರಲ್ಲಿ ಕಾನೂನಿನ ಹೆಸರು, ವರ್ಷ ಇದೆಯೇ ನೋಡಿ. ಇದ್ದರೆ ಸರ್ಕಾರಿ ಜಾಲತಾಣದಲ್ಲಿ ಮೂಲ ಪಠ್ಯ ತೆರೆದು ಓದಿ. ಅನುಮಾನವಿದ್ದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ.