ಮುಗಿಯುವುದು ಕಾರ್ಡಿನ ಅವಧಿ, ಪಿಆರ್ ಅಲ್ಲ

ಕೆನಡಾದ ಪಿಆರ್ (ಕಾಯಂ ನಿವಾಸ) ಕಾರ್ಡಿನ ಮೇಲಿರುವ ದಿನಾಂಕವನ್ನು ನೋಡಿಯೇ ಎದೆಗುಂದಿ, ಕೈಯಲ್ಲಿದ್ದ ಹಕ್ಕನ್ನು ತಾವಾಗಿಯೇ ಬಿಟ್ಟುಕೊಟ್ಟ ಮೂವರನ್ನು ನಾನು ಬಲ್ಲೆ. ಮೂವರೂ ತಂದೆತಾಯಿಯ ಆರೈಕೆಗೆಂದು ಊರಿಗೆ ಹೋಗಿ ವರ್ಷಗಟ್ಟಲೆ ಅಲ್ಲೇ ಉಳಿದವರು. ಅವರ ಪಿಆರ್ ಅನ್ನು ಯಾರೂ ಕಿತ್ತುಕೊಂಡಿರಲಿಲ್ಲ. ಯಾರದೋ ಮಾತು ಕೇಳಿ, ಫಾರಂ ತುಂಬಿ, ಸಹಿ ಹಾಕಿದರು. ಆ ಸಹಿಯ ಹತ್ತಿರಕ್ಕೆ ನಾನೂ ಹೋಗಿ ಹಿಂದಿರುಗಿದವಳು. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

2019ರ ಏಪ್ರಿಲ್ 10ರಂದು ನಾನು ಪಿಆರ್ ಆಗಿ ಟೊರೊಂಟೊದಲ್ಲಿ ಇಳಿದೆ. 2021ರ ಫೆಬ್ರವರಿಯಲ್ಲಿ ಅಮ್ಮನಿಗೆ ಪಾರ್ಶ್ವವಾಯು ಹೊಡೆಯಿತು. ಅಪ್ಪ ಇರಲಿಲ್ಲ, ನಾನು ಒಬ್ಬಳೇ ಮಗಳು. ಆ ತಿಂಗಳ 20ಕ್ಕೆ ಊರಿಗೆ ಹೊರಟೆ. ಮೂರು ತಿಂಗಳಲ್ಲಿ ಬರುತ್ತೇನೆ ಎಂದು ಬಾಡಿಗೆ ಮುಂಗಡವಾಗಿ ಕೊಟ್ಟು ಹೋಗಿದ್ದೆ. ಆ ಮೂರು ತಿಂಗಳು ಮೂರು ವರ್ಷವಾಯಿತು.

‘ಅಮ್ಮನನ್ನೇ ಕರೆತರಬಹುದಿತ್ತಲ್ಲ’ ಎಂದು ಈಗಲೂ ಕೇಳುತ್ತಾರೆ. ಸೂಪರ್ ವೀಸಾ ಎಂಬುದೊಂದಿದೆ, ನಿಜ. 2022ರಿಂದ ತಂದೆತಾಯಿ ಒಮ್ಮೆ ಬಂದರೆ 5 ವರ್ಷದವರೆಗೂ ಇರಬಹುದು. ಆದರೆ ಅದಕ್ಕೆ ಕನಿಷ್ಠ 1,00,000 ಡಾಲರ್ ಮೊತ್ತದ ಆರೋಗ್ಯ ವಿಮೆ ಬೇಕು, ವೈದ್ಯಕೀಯ ತಪಾಸಣೆಯೂ ಆಗಬೇಕು. ಎಡಗೈ, ಎಡಗಾಲು ಸ್ವಾಧೀನ ತಪ್ಪಿ ಮಲಗಿದವರನ್ನು ಅಷ್ಟು ದೂರ ವಿಮಾನದಲ್ಲಿ ಕೂರಿಸುವುದು ಹೇಗೆ ಎಂಬ ಪ್ರಶ್ನೆಗೆ ನನ್ನ ಬಳಿ ಉತ್ತರವಿರಲಿಲ್ಲ. ಕೇಳುವವರ ಬಳಿಯೂ ಇಲ್ಲ.

ನಿಯಮ ಹೇಳುವುದು ಇಷ್ಟು. ಕಾಯಂ ನಿವಾಸಿಯಾದವರು ಪ್ರತಿ 5 ವರ್ಷಗಳಲ್ಲಿ ಒಟ್ಟು 730 ದಿನ ಕೆನಡಾದಲ್ಲಿ ಇರಬೇಕು. ಸತತವಾಗಿ ಇರಬೇಕೆಂದಿಲ್ಲ. ಬಂದು 5 ವರ್ಷ ತುಂಬದವರಾದರೆ, ಆ 5 ವರ್ಷ ಮುಗಿಯುವುದರೊಳಗೆ 730 ದಿನ ತುಂಬಿಸಲು ಸಾಧ್ಯವೇ ಎಂದು ಅಧಿಕಾರಿ ನೋಡುತ್ತಾರೆ. 5 ವರ್ಷ ದಾಟಿದ್ದರೆ, ತಪಾಸಣೆಯ ದಿನದಿಂದ ಹಿಂದಕ್ಕೆ ಎಣಿಸಿದ 5 ವರ್ಷ ಮಾತ್ರ ಲೆಕ್ಕಕ್ಕೆ. ಕಾರ್ಡಿನ ದಿನಾಂಕಕ್ಕೂ ಈ ಎಣಿಕೆಗೂ ಸಂಬಂಧವೇ ಇಲ್ಲ. ಕಾರ್ಡಿನ ಅವಧಿ ಮುಗಿದವರೂ ಪಿಆರ್ ಆಗಿಯೇ ಇರುತ್ತಾರೆ. ಕಾರ್ಡಿನಲ್ಲಿ ಇನ್ನೂ ನಾಲ್ಕು ವರ್ಷ ಉಳಿದವರೂ ದಿನ ಕಡಿಮೆ ಬಿದ್ದು ತೊಂದರೆಗೆ ಸಿಲುಕಬಹುದು. ಇವೆರಡನ್ನು ಒಂದೇ ಎಂದುಕೊಂಡದ್ದರಿಂದಲೇ ಎಷ್ಟೋ ಮಂದಿ ಮೋಸ ಹೋಗಿದ್ದಾರೆ.

ಅಮ್ಮ ಹೋದದ್ದು 2024ರ ಮಾರ್ಚ್ 2ರಂದು. ಕಾರ್ಯಗಳೆಲ್ಲ ಮುಗಿದ ಮೇಲೆ ಒಂದು ರಾತ್ರಿ ಪಾಸ್‌ಪೋರ್ಟ್, ಹಳೆಯ ಬೋರ್ಡಿಂಗ್ ಪಾಸ್, ಕ್ಯಾಲೆಂಡರ್ ಎಲ್ಲವನ್ನೂ ಮೇಜಿನ ಮೇಲೆ ಹರಡಿಕೊಂಡು ಕುಳಿತೆ. ಕೆನಡಾದಲ್ಲಿ ಇದ್ದ ದಿನಗಳನ್ನು ಪೆನ್ಸಿಲಿನಲ್ಲಿ ತಿಂಗಳು ತಿಂಗಳಾಗಿ ಕೂಡಿಸಿದಾಗ 683 ಬಂತು. 47 ದಿನ ಕಡಿಮೆ. ಫೆಬ್ರವರಿ ಮೂರನೆಯ ವಾರದಲ್ಲಿ ವಿಮಾನ ಹತ್ತಿದ್ದರೆ ಏಪ್ರಿಲ್‌ನೊಳಗೆ ಲೆಕ್ಕ ಸರಿಹೋಗುತ್ತಿತ್ತು. ಆ ವಾರ ಅಮ್ಮನಿಗೆ ನುಂಗುವುದೂ ನಿಂತುಹೋಗಿತ್ತು. ನಾನು ಆ ಕಾಗದವನ್ನು ಬಹಳ ಹೊತ್ತು ನೋಡುತ್ತಾ ಕುಳಿತಿದ್ದೆ. ಆ ವಾರ ಬಿಟ್ಟು ಬರಬೇಕಿತ್ತು ಎಂದು ನನಗೆ ಅಂದೂ ಅನಿಸಲಿಲ್ಲ, ಇಂದೂ ಅನಿಸುವುದಿಲ್ಲ.

ಮರುದಿನ ಒಬ್ಬ ಏಜೆಂಟರ ಬಳಿ ಹೋದೆ. ಅವರು ದಿನಗಳ ಲೆಕ್ಕವನ್ನು ಕೇಳಲೇ ಇಲ್ಲ. ಕಾರ್ಡನ್ನು ತಿರುಗಿಸಿ ನೋಡಿ, ‘ಜೂನ್‌ಗೆ ಮುಗಿಯುತ್ತದೆ, ನಿಮ್ಮ ಪಿಆರ್ ಹೋದ ಹಾಗೆಯೇ. ಬಿಟ್ಟುಕೊಟ್ಟು ವಿಸಿಟರ್ ವೀಸಾಗೆ ಹಾಕೋಣ’ ಎಂದರು. ಫಾರಮ್ಮಿನಲ್ಲಿ ನನ್ನ ಹೆಸರನ್ನು ಆಗಲೇ ಟೈಪ್ ಮಾಡಿಸಿದ್ದರು. ಪೆನ್ನನ್ನೂ ಕೊಟ್ಟರು. ನಿದ್ದೆಯಿಲ್ಲದ ತಲೆಗೆ ಅದು ಸರಿಯೆಂದೇ ತೋರಿತ್ತು. ಓದಿ ನಾಳೆ ಕೊಡುತ್ತೇನೆ ಎಂದು ಹೇಳಿ ಎದ್ದು ಬಂದೆ. ಮನೆಗೆ ಬಂದು ಓದಿದ್ದು ಆ ಫಾರಮ್ಮನ್ನಲ್ಲ, ಕಾಯ್ದೆಯನ್ನು.

ಕೆನಡಾದ ವಲಸೆ ಕಾಯ್ದೆ ಸಾರ್ವಜನಿಕವಾಗಿ ಸಿಗುತ್ತದೆ. ಅದರ 46ನೇ ಕಲಂ ಪಿಆರ್ ಯಾವಾಗ ಹೋಗುತ್ತದೆ ಎಂಬುದನ್ನು ಹೇಳುತ್ತದೆ: ಪೌರತ್ವ ಸಿಕ್ಕಾಗ, ಅಧಿಕಾರಿಯ ತೀರ್ಮಾನ ಅಂತಿಮವಾದಾಗ, ನೀವೇ ಬಿಟ್ಟುಕೊಟ್ಟಾಗ, ಹೀಗೆ ಕೆಲವು. ಕಾರ್ಡಿನ ಅವಧಿ ಮುಗಿಯುವುದು ಆ ಪಟ್ಟಿಯಲ್ಲಿ ಇಲ್ಲ. 19ನೇ ಕಲಂ ಇನ್ನೂ ಮುಖ್ಯ. ಬಂದವರು ಪಿಆರ್ ಎಂದು ಮನವರಿಕೆಯಾದರೆ ಗಡಿಯ ಅಧಿಕಾರಿ ಅವರನ್ನು ಒಳಗೆ ಬಿಡಲೇಬೇಕು. ದಿನ ಕಡಿಮೆ ಬಿದ್ದಿದ್ದರೆ ವರದಿ ಬರೆಯಬಹುದು, ಅದರ ಮೇಲೆ ದೇಶ ಬಿಡುವ ಆದೇಶವೂ ಹೊರಡಬಹುದು. ಅದಕ್ಕೆ 30 ದಿನಗಳೊಳಗೆ ಮೇಲ್ಮನವಿ ಸಲ್ಲಿಸಬಹುದು. ಅದು ತೀರ್ಮಾನವಾಗುವವರೆಗೂ ನೀವು ಪಿಆರ್ ಆಗಿಯೇ ಇರುತ್ತೀರಿ.

ಹಾಗೆಂದು ಕಾರ್ಡಿನ ದಿನಾಂಕವನ್ನು ಕಡೆಗಣಿಸಬಾರದು. ಅವಧಿಯಿರುವ ಕಾರ್ಡ್ ಇಲ್ಲದೆ ವಿಮಾನ ಹತ್ತಿಸುವುದಿಲ್ಲ. ಹೊರಗಿದ್ದಾಗಲೇ ಕಾರ್ಡ್ ಮುಗಿದರೆ ಪಿಆರ್‌ಗಳಿಗೆಂದೇ ಇರುವ ಪ್ರಯಾಣ ದಾಖಲೆಗೆ ಅರ್ಜಿ ಹಾಕಬೇಕು. ಆಗ ನಿಮ್ಮ ದಿನಗಳ ಪರಿಶೀಲನೆ ಅಲ್ಲೇ ಶುರುವಾಗುತ್ತದೆ. ಅರ್ಜಿ ತಿರಸ್ಕಾರವಾದರೆ 60 ದಿನಗಳೊಳಗೆ ಮೇಲ್ಮನವಿ ಸಲ್ಲಿಸಬೇಕು. ಅದನ್ನು ಸಲ್ಲಿಸದೆ ಬಿಟ್ಟರೆ ಪಿಆರ್ ಹೋಗುತ್ತದೆ. ದೇಶದ ನೆಲದ ಮೇಲೆ ನಿಂತು ವಾದಿಸುವುದಕ್ಕೂ ಸಾವಿರಾರು ಮೈಲಿ ದೂರದಿಂದ ಕಾಗದ ಕಳಿಸುವುದಕ್ಕೂ ಬಹಳ ಅಂತರವಿದೆ. ಮರಳುವ ಮನಸ್ಸಿದ್ದರೆ ಕಾರ್ಡ್ ಇರುವಾಗಲೇ ಹೊರಡಿ.

ಮನೆ ಖಾಲಿ ಮಾಡುವುದು, ಬ್ಯಾಂಕಿನ ಕೆಲಸ ಎಂದು ದಿನ ಕಳೆದು, ಮೇ 18ರಂದು ಟೊರೊಂಟೊದಲ್ಲಿ ಇಳಿದೆ. ಅಷ್ಟರಲ್ಲಿ 5 ವರ್ಷ ದಾಟಿತ್ತು. ಎಣಿಕೆ ಹಿಂದಿನಿಂದ ಸವೆಯುತ್ತಾ ಬಂದು 683 ಇದ್ದದ್ದು 645ಕ್ಕೆ ಇಳಿದಿತ್ತು. ಕೌಂಟರಿನಲ್ಲಿದ್ದವರು, ‘ಎಷ್ಟು ದಿನ ಹೊರಗಿದ್ದಿರಿ’ ಎಂದು ಕೇಳಿದರು. ಮೂರು ವರ್ಷ ಮೂರು ತಿಂಗಳು ಎಂದೆ. ಪಕ್ಕದ ಕೋಣೆಗೆ ಕಳಿಸಿದರು.

ಅಲ್ಲಿ ಇನ್ನೊಬ್ಬ ಅಧಿಕಾರಿ ನನ್ನ ಕಡತವನ್ನು ಒಂದೊಂದೇ ಹಾಳೆ ತಿರುವಿದರು. ಆಸ್ಪತ್ರೆಯ ಡಿಸ್ಚಾರ್ಜ್ ಪತ್ರಗಳು, ಮರಣ ಪ್ರಮಾಣಪತ್ರ, ನಾನು ಕೆಲಸ ಬಿಟ್ಟ ಪತ್ರ. ಎಲ್ಲಕ್ಕಿಂತ ಕೆಳಗೆ ಒಂದು ಇನ್ನೂರು ಪುಟದ ನೋಟ್‌ಬುಕ್ ಇತ್ತು. ದಿನಾಂಕ, ಬೆಳಗಿನ ಬಿಪಿ, ಸಂಜೆಯ ಬಿಪಿ, ಕೊಟ್ಟ ಮಾತ್ರೆಯ ಎದುರು ಒಂದೊಂದು ಟಿಕ್. ನೀಲಿ ಶಾಯಿ ಮುಗಿದ ಕಡೆ ಕಪ್ಪು. ಎಲ್ಲವೂ ಕನ್ನಡದಲ್ಲಿ. ಅದನ್ನು ತೋರಿಸಬೇಕೆಂದು ತಂದಿರಲಿಲ್ಲ, ಬಿಟ್ಟು ಬರಲು ಮನಸ್ಸಾಗದೆ ತಂದಿದ್ದೆ. ‘ಇದು ಏನು’ ಎಂದರು. ಅಮ್ಮನ ಔಷಧಿಯ ಪುಸ್ತಕ ಎಂದೆ. ಓದಲು ಬಾರದ ಆ ಪುಟಗಳನ್ನು ಅವರು ಸುಮಾರು ಹೊತ್ತು ತಿರುವಿದರು. ಮಾರ್ಚ್ 1ರ ಸಂಜೆಯ ಟಿಕ್ ಕೊನೆಯದು. ಆಮೇಲೆ ಕಂಪ್ಯೂಟರಿನಲ್ಲಿ ಏನೋ ಬರೆದುಕೊಂಡು, ಇನ್ನು ಮುಂದೆ ಇಲ್ಲಿಯೇ ಇದ್ದು ದಿನ ತುಂಬಿಸಿಕೊಳ್ಳಿ ಎಂದು ಹೇಳಿ ಕಳಿಸಿದರು.

ಎಲ್ಲರಿಗೂ ಹೀಗೇ ಆಗುತ್ತದೆ ಎಂದು ನಾನು ಹೇಳುವುದಿಲ್ಲ. ವರದಿ ಬರೆಸಿಕೊಂಡು ಮೇಲ್ಮನವಿಯವರೆಗೆ ಹೋದವರಿದ್ದಾರೆ. ಅಲ್ಲಿ ನೋಡುವುದು ಎಷ್ಟು ದಿನ ಕೊರತೆಯಾಯಿತು, ಏಕೆ ಹೋದಿರಿ, ಏಕೆ ಉಳಿದಿರಿ, ಬಿಡುವು ಸಿಕ್ಕ ಕೂಡಲೇ ಮರಳಿದಿರೋ ಇಲ್ಲವೋ, ಇಲ್ಲಿ ನಿಮ್ಮ ಬೇರು ಎಷ್ಟಿದೆ, ಮಕ್ಕಳಿದ್ದರೆ ಅವರ ಹಿತ ಏನು ಎಂಬುದನ್ನು. ಇದಕ್ಕೆಲ್ಲ ಕಾಗದ ಬೇಕು. ಸುಳ್ಳು ಮಾತ್ರ ಬೇಡ. 2020ರಿಂದ ವಿಮಾನದಲ್ಲಿ ಹೊರಹೋದವರ ಮಾಹಿತಿಯೂ ಅವರ ಬಳಿ ಇರುತ್ತದೆ. ದಿನಾಂಕ ತಿದ್ದಿ ಸಿಕ್ಕಿಬಿದ್ದರೆ ತಪ್ಪು ಮಾಹಿತಿ ಕೊಟ್ಟ ಆರೋಪ ಬರುತ್ತದೆ, 5 ವರ್ಷದ ನಿಷೇಧದವರೆಗೂ ಹೋಗುತ್ತದೆ. ದಿನ ಕಡಿಮೆ ಬಿದ್ದದ್ದಕ್ಕೆ ಕ್ಷಮೆ ಕೇಳಲು ದಾರಿಯಿದೆ. ಸುಳ್ಳು ಹೇಳಿದ ಮೇಲೆ ಆ ದಾರಿ ಬಹಳ ಕಿರಿದಾಗುತ್ತದೆ.

ಒಳಗೆ ಬಂದ ಮೇಲಿನ ಲೆಕ್ಕವನ್ನೂ ಹೇಳಬೇಕು, ಏಕೆಂದರೆ ಇದರಲ್ಲಿ ಬಹಳ ಮಂದಿ ಎಡವುತ್ತಾರೆ. 85 ದಿನ ಕೊರತೆಯಿದೆ, ಮೂರು ತಿಂಗಳು ಇದ್ದರೆ ಸಾಕು ಎಂದು ನಾನೂ ಅಂದುಕೊಂಡಿದ್ದೆ. ಹಾಗಲ್ಲ. ಇಂದು ಒಂದು ದಿನ ಇದ್ದರೆ ಮುಂದೆ ಒಂದು ಸೇರುತ್ತದೆ, ಐದು ವರ್ಷದ ಹಿಂದೆ ಇದ್ದ ಒಂದು ದಿನ ಹಿಂದಿನಿಂದ ಉದುರುತ್ತದೆ. ಮೊತ್ತ ಇದ್ದಲ್ಲೇ ಇರುತ್ತದೆ. ಹಳೆಯ ದಿನಗಳೆಲ್ಲ ಉದುರಿ ಮುಗಿಯುವುದು 2026ರ ಫೆಬ್ರವರಿಗೆ. 730 ಮುಟ್ಟುವುದು ಆ ವರ್ಷದ ಮೇ ತಿಂಗಳಿಗೆ. ಅಂದರೆ ಪೂರ್ತಿ ಎರಡು ವರ್ಷ. ಅಲ್ಲಿಯವರೆಗೆ ಕಾರ್ಡ್ ನವೀಕರಣಕ್ಕೆ ಅರ್ಜಿ ಹಾಕುವುದೆಂದರೆ ಕೊರತೆಯನ್ನು ನಾವೇ ಮೇಜಿನ ಮೇಲಿಟ್ಟ ಹಾಗೆ. ಕಾರ್ಡ್ ಇಲ್ಲದೆ ಹೊರಗೆ ಹೋದರೆ ವಿಮಾನದಲ್ಲಿ ಮರಳಲು ಮತ್ತೆ ಆ ಪ್ರಯಾಣ ದಾಖಲೆಯೇ ಬೇಕು. ನಾನು ಕೊನೆಯ ದಿನ ತುಂಬಿದ ಮೇಲೆಯೇ ಅರ್ಜಿ ಹಾಕುವುದೆಂದು ಗಟ್ಟಿ ಮಾಡಿಕೊಂಡೆ.

730 ದಿನದ ನಿಯಮ ಕಠಿಣ ಎಂದು ನನಗೆ ಅನಿಸುವುದಿಲ್ಲ. ಬ್ರಿಟನ್ನಿನಲ್ಲಿ ಕಾಯಂ ನಿವಾಸದ ಅನುಮತಿ ಪಡೆದವರು ಸತತ 2 ವರ್ಷಕ್ಕಿಂತ ಹೆಚ್ಚು ಹೊರಗಿದ್ದರೆ ಆ ಅನುಮತಿ ಸಾಮಾನ್ಯವಾಗಿ ತಾನಾಗಿಯೇ ರದ್ದಾಗುತ್ತದೆ. ಅಮೆರಿಕದ ಗ್ರೀನ್ ಕಾರ್ಡ್ ಹೊಂದಿದವರು ಒಂದು ವರ್ಷ ಅಥವಾ ಹೆಚ್ಚು ಹೊರಗಿರುವುದಾದರೆ ಮರುಪ್ರವೇಶದ ಪರವಾನಗಿಯನ್ನು ಮೊದಲೇ ಪಡೆದಿರಬೇಕು. ಅವಕ್ಕೆ ಹೋಲಿಸಿದರೆ ಕೆನಡಾ ಧಾರಾಳಿ. ನನ್ನ ತಕರಾರು ಬೇರೆ. ಕೆನಡಾದ ಕಂಪನಿಯೊಂದು ಪೂರ್ಣಾವಧಿ ಕೆಲಸಕ್ಕೆಂದು ನನ್ನನ್ನು ಹೊರದೇಶಕ್ಕೆ ನಿಯೋಜಿಸಿದ್ದರೆ ಆ ದಿನಗಳೆಲ್ಲ ಇಲ್ಲಿದ್ದ ಹಾಗೆಯೇ ಎಣಿಕೆಯಾಗುತ್ತಿದ್ದವು. ಕೆನಡಾ ಪೌರನಾದ ಗಂಡನ ಜೊತೆ ಹೊರಗೆ ವಾಸವಿದ್ದರೂ ಎಣಿಕೆಯಾಗುತ್ತಿದ್ದವು. ಸಾಯುತ್ತಿರುವ ತಾಯಿಯ ಬಾಯಿಗೆ ಚಮಚದಲ್ಲಿ ನೀರು ಬಿಟ್ಟ ದಿನ ಮಾತ್ರ ಎಣಿಕೆಗೆ ಬರುವುದಿಲ್ಲ. ಅದು ಮಾನವೀಯ ಕಾರಣ ಎಂಬ ಹೆಸರಿನಲ್ಲಿ ಎದುರಿಗೆ ಕುಳಿತ ಅಧಿಕಾರಿಯ ವಿವೇಚನೆಗೆ ಬಿಟ್ಟ ವಿಷಯ. ನನಗೆ ಸಿಕ್ಕವರು ಒಳ್ಳೆಯವರು. ಹಕ್ಕು ಒಳ್ಳೆಯವರು ಸಿಗುವುದರ ಮೇಲೆ ನಿಲ್ಲಬಾರದು. ವೈದ್ಯಕೀಯ ದಾಖಲೆ ಇರುವ ಆರೈಕೆಯ ದಿನಗಳಿಗೆ, ಒಂದು ಮಿತಿಯೊಳಗಾದರೂ, ಕಾಯ್ದೆಯಲ್ಲೇ ಜಾಗ ಸಿಗಬೇಕು. ಇದನ್ನು ಇಲ್ಲಿಯ ಸಂಸದರಿಗೆ ಪತ್ರ ಬರೆದು ತಿಳಿಸಿದ್ದೇನೆ, ಮತ್ತೆ ಬರೆಯುತ್ತೇನೆ.

ಮರಳುವ ಮನಸ್ಸೇ ಇಲ್ಲದವರು ಬಿಟ್ಟುಕೊಡುವುದರಲ್ಲಿ ತಪ್ಪೇನಿಲ್ಲ. ಮಕ್ಕಳನ್ನು ನೋಡಲು ವೀಸಾದ ಮೇಲೆ ಬಂದು ಹೋಗಲು ಅದೇ ಸರಿಯಾದ ದಾರಿಯೂ ಹೌದು. ಆದರೆ ಅದು ಲೆಕ್ಕ ತಿಳಿದು, ಮನೆಯವರೊಡನೆ ಕುಳಿತು ಮಾಡಿದ ತೀರ್ಮಾನವಾಗಿರಬೇಕು. ಬೇರೆಯವರು ಟೈಪ್ ಮಾಡಿಸಿಟ್ಟ ಹಾಳೆಯ ಮೇಲಲ್ಲ.

ಮೊನ್ನೆ ಪರಿಚಯದವರೊಬ್ಬರು ರಾತ್ರಿ ಕರೆ ಮಾಡಿದ್ದರು. ತಂದೆಯನ್ನು ನೋಡಿಕೊಳ್ಳಲು ಹೋಗಿ ಮೂರು ವರ್ಷ, ಕಾರ್ಡ್ ಮುಗಿಯಲು ಇಪ್ಪತ್ತು ದಿನ. ‘ಎಲ್ಲ ಮುಗಿಯಿತು ಅಕ್ಕಾ’ ಎಂದು ಅಳುತ್ತಿದ್ದರು. ಎಷ್ಟು ದಿನ ಇದ್ದಿರಿ ಎಂದರೆ ಗೊತ್ತಿಲ್ಲ. ಪಾಸ್‌ಪೋರ್ಟ್ ತೆಗೆದುಕೊಂಡು ಬನ್ನಿ ಎಂದೆ. ಅವರು ಮೊಹರುಗಳನ್ನು ಓದುತ್ತಾ ಹೋದರು, ನಾನು ಬರೆದುಕೊಳ್ಳುತ್ತಾ ಹೋದೆ. ಎರಡು ಸಲ ಕೂಡಿಸಿದೆವು. ಎರಡೂ ಸಲ 702 ಬಂತು. ಬೆಳಿಗ್ಗೆ ಟಿಕೆಟ್ ತೆಗೆದ ಸಂದೇಶ ಬಂದಿತ್ತು.