ಶ್ರಾವಣ ಶನಿವಾರ ರಕ್ತ ಕೇಳಿದವರು

ನಮ್ಮ ಮಂಡ್ಯದ ಸೇವಾ ಕ್ಲಬ್ಬಿನ ಮೀಟಿಂಗ್ ಏಳೂವರೆಗೆ ಅಂತ ಮೆಸೇಜ್ ಬಂದರೆ ಎಂಟೂಕಾಲಿಗೆ ಗಂಟೆ ಹೊಡೆಯುತ್ತಾರೆ. ಊಟ ಮಾತ್ರ ಒಂಬತ್ತಕ್ಕೆ ಅಂದರೆ ಒಂಬತ್ತಕ್ಕೇ. ವರದಿ ಓದುವಾಗ ಖಾಲಿ ಇದ್ದ ಕುರ್ಚಿಗಳು ಹಪ್ಪಳ ಕರಿಯುವ ವಾಸನೆ ಬಂದ ತಕ್ಷಣ ತುಂಬಿಕೊಳ್ಳುತ್ತವೆ. "ಇವರೆಲ್ಲ ಬರೀ ಫೆಲೋಶಿಪ್‌ಗೆ ಬರೋರು" ಅಂತ ನಮ್ಮ ಕಾರ್ಯದರ್ಶಿಗಳು ಪ್ರತಿ ವಾರ ಗೊಣಗುತ್ತಾರೆ, ಫೆಲೋಶಿಪ್ ಅಂದರೆ ಕ್ಲಬ್ಬಿನ ಭಾಷೆಯಲ್ಲಿ ಮೀಟಿಂಗ್ ಆದ ಮೇಲಿನ ಊಟ. ಗೊಣಗಲಿ. ನನ್ನ ಪ್ರಕಾರ ಕ್ಲಬ್ಬು ನಡೆಯುತ್ತಿರುವುದೇ ಈ ಊಟದ ಗಿರಾಕಿಗಳಿಂದ.

ಇದು ನಾನು ಸುಮ್ನೆ ಹೇಳುತ್ತಿರುವ ಮಾತಲ್ಲ, ಇದಕ್ಕೆ ಚರಿತ್ರೆಯ ಬೆಂಬಲವೂ ಇದೆ. 1905ರ ಫೆಬ್ರವರಿ 23ರಂದು ಶಿಕಾಗೋದಲ್ಲಿ ಪಾಲ್ ಹ್ಯಾರಿಸ್ ಎಂಬ ವಕೀಲ ಮೂರು ಜನರನ್ನು ಸೇರಿಸಿಕೊಂಡು ಕೂತ. ಒಬ್ಬ ಕಲ್ಲಿದ್ದಲು ವ್ಯಾಪಾರಿ, ಒಬ್ಬ ಗಣಿ ಇಂಜಿನಿಯರ್, ಇನ್ನೊಬ್ಬ ಟೈಲರ್. ಅವತ್ತು ಅವರ ತಲೆಯಲ್ಲಿ ಸಮಾಜಸೇವೆ ಇರಲೇ ಇಲ್ಲ. ದೊಡ್ಡ ಊರು, ನಾಲ್ಕು ಜನ ಗೆಳೆಯರಿರಲಿ, ಒಬ್ಬರ ವ್ಯಾಪಾರಕ್ಕೆ ಇನ್ನೊಬ್ಬರು ಆಗಲಿ, ಅಷ್ಟೇ. ಇವತ್ತು ಇವನ ಆಫೀಸು, ಮುಂದಿನ ಸಲ ಅವನ ಆಫೀಸು ಅಂತ ಸರದಿ ಮೇಲೆ ಸೇರುತ್ತಿದ್ದರು, ಅದಕ್ಕೇ ರೋಟರಿ ಅಂತ ಹೆಸರು ಬಂತು. ಊರಿಗೆ ಅಂತ ಅವರು ಕೈಹಾಕಿದ ಮೊದಲ ಕೆಲಸ ಸಾರ್ವಜನಿಕ ಶೌಚಾಲಯ, ಅದೂ ಒಂದೆರಡು ವರ್ಷ ಕಳೆದ ಮೇಲೆ. ಲಯನ್ಸ್ ಶುರುವಾಗಿದ್ದೂ ಅದೇ ಶಿಕಾಗೋದಲ್ಲೇ, 1917ರಲ್ಲಿ. ಅದರ ಮೆಲ್ವಿನ್ ಜೋನ್ಸ್ ವಿಮೆ ವ್ಯವಹಾರದವನು. ಅಲ್ಲೂ ಮೊದಲು ವ್ಯಾಪಾರಸ್ಥರ ಕೂಟ, ಸೇವೆ ಆಮೇಲೆ. ನಮ್ಮದು ಇದರಲ್ಲಿ ಯಾವುದು ಅಂತ ಮಾತ್ರ ಕೇಳಬೇಡಿ, ಮುಂದೆ ಓದಿದರೆ ಯಾಕೆ ಅಂತ ಗೊತ್ತಾಗುತ್ತದೆ.

ಆ ಶಿಕಾಗೋದವರಿಗೆ ಗೊತ್ತಿಲ್ಲದೇ ಹೋದ ಒಂದು ವಿಷಯ ಅಂದರೆ ಆಷಾಢ. ಇಂಥ ಕ್ಲಬ್ಬುಗಳ ವರ್ಷ ಜುಲೈ 1ಕ್ಕೆ ಶುರು. ಹೊಸ ಅಧ್ಯಕ್ಷರು ಸರಿಯಾಗಿ ಆಷಾಢದಲ್ಲೇ ಕೊರಳಿಗೆ ಕಾಲರ್, ಅಂದರೆ ಅಧ್ಯಕ್ಷಗಿರಿಯ ಪಟ್ಟಿ, ಹಾಕಿಕೊಳ್ಳಬೇಕು. ಒಳ್ಳೇ ಕೆಲಸ ಆಷಾಢದಲ್ಲಾ ಅಂತ ಮನೆಯವರು ತಗಾದೆ ತೆಗೆಯುತ್ತಾರೆ. ಹಾಗೂ ಹೀಗೂ ಪದಗ್ರಹಣ ಮುಗಿಯುವ ಹೊತ್ತಿಗೆ ಮೇಲಿನವರಿಂದ 'ಪ್ರಾಜೆಕ್ಟ್ ಎಲ್ಲಿ' ಅಂತ ಫೋನು. ಹೀಗೆ ಗಡಿಬಿಡಿಯಲ್ಲಿ ನಮ್ಮ ಅಧ್ಯಕ್ಷರು ನಾಲೆ ಬಯಲಿನ ಒಂದು ಹಳ್ಳಿಯಲ್ಲಿ ರಕ್ತದಾನ ಶಿಬಿರ ಇಟ್ಟರು. ಶನಿವಾರ ಎಲ್ಲರಿಗೂ ಬಿಡುವು ಅಂತ ಶನಿವಾರವೇ ಇಟ್ಟರು. ಶ್ರಾವಣ ಶನಿವಾರ.

ಶಾಲೆಯ ಜಗಲಿ ಮೇಲೆ ಮಂಚ ಹಾಕಿಸಿ, ಫ್ಲೆಕ್ಸ್ ಕಟ್ಟಿ, ಮೈಕಿನಲ್ಲಿ ಕೂಗಿದ್ದಾಯಿತು. ಜನ ಬಂದರು, ಏನೂ ಕಮ್ಮಿ ಇರಲಿಲ್ಲ. ಎಲ್ಲರೂ ಸ್ನಾನ ಮಾಡಿ, ಹಣೆಗೆ ನಾಮ ಎಳೆದುಕೊಂಡು, ಒಗೆದ ಪಂಚೆ ಉಟ್ಟು ಸಾಲಾಗಿ ನಿಂತರು. ಡಾಕ್ಟರಮ್ಮ ಮೊದಲನೆಯವರನ್ನು ಕೇಳಿದರು, "ತಿಂಡಿ ಆಯ್ತಾ?"

"ಇಲ್ಲ ಕಣವ್ವ, ಒಪ್ಪತ್ತು."

ಎರಡನೆಯವರದೂ ಒಪ್ಪತ್ತು. ಮೂರನೆಯವರು ಕೇಳುವ ಮೊದಲೇ "ನಂದೂ ಅದೇಯ" ಅಂದರು. ಖಾಲಿ ಹೊಟ್ಟೆಯವರ ರಕ್ತ ತೆಗೆಯುವ ಹಾಗಿಲ್ಲ. ವಯಸ್ಸು 18ರಿಂದ 65, ತೂಕ ಕನಿಷ್ಠ 45 ಕೆ.ಜಿ., ಹಿಮೋಗ್ಲೋಬಿನ್ 12.5 ಇರಬೇಕು ಅಂತೆಲ್ಲ ನಾವು ಕರಪತ್ರದಲ್ಲಿ ಅಚ್ಚು ಹಾಕಿಸಿದ್ದೆವು. ಪಂಚಾಂಗ ನೋಡಬೇಕು ಅಂತ ಅದರಲ್ಲಿ ಎಲ್ಲೂ ಇರಲಿಲ್ಲ.

ತಿಂಡಿ ತಿಂದು ಬಂದಿದ್ದವರು ಶಾಲೆ ಮಕ್ಕಳು ಮಾತ್ರ. ದಾನಿಗಳಿಗೆ ಅಂತ ತಂದಿದ್ದ ಬಿಸ್ಕತ್ತಿನ ಡಬ್ಬ ಅವರ ಕಣ್ಣಿಗೆ ಬಿದ್ದಿತ್ತು. ಐದನೇ ಕ್ಲಾಸಿನವನೊಬ್ಬ ತೋಳು ಮಡಚಿಕೊಂಡು ಬಂದು, "ಚುಚ್ಚಿ ಸಾ, ನಂಗೇನ್ ಭಯ ಇಲ್ಲ. ಕ್ರೀಮ್ ಬಿಸ್ಕತ್ತೇ ಕೊಡ್ಬೇಕು" ಅಂತ ಚೌಕಾಸಿಗೆ ನಿಂತ.

ಕೊನೆಗೆ ಅಧ್ಯಕ್ಷರು ತಾವೇ ಮಾದರಿಯಾಗಲು ಹೊರಟರು. ಅವರದೂ ಒಪ್ಪತ್ತೇ, ಮನೆಯಲ್ಲಿ ಕಾಫಿ ಕೂಡ ಕೊಟ್ಟಿರಲಿಲ್ಲ. ಫೋಟೋ ಆದರೂ ಆಗಲಿ ಅಂತ ಕಾಲರ್ ಸಮೇತ ಮಂಚದ ಮೇಲೆ ಮಲಗಿ, ಕೈಯಲ್ಲಿ ಸ್ಪಂಜಿನ ಚೆಂಡು ಹಿಡಿದು ಕಣ್ಣು ಮುಚ್ಚಿದರು. ಫೋಟೋದವನು ಚಾರ್ಜರ್ ಹುಡುಕಿಕೊಂಡು ಹೋದವನು ಬರಲೇ ಇಲ್ಲ. ಅಷ್ಟರಲ್ಲಿ ಅಜ್ಜಿಯರ ಗುಂಪೊಂದು ಮಂಚದ ಸುತ್ತ ಸೇರಿತು. "ಪಾಪ, ಯಾವೂರ ಮಗನೋ! ಕತ್ತಿಗೂ ಏನೋ ಕಟ್ಟವ್ರೆ" ಅಂತ ಒಬ್ಬರು. ಇನ್ನೊಬ್ಬರು ಸೆರಗಿನಲ್ಲಿ ಗಾಳಿ ಹಾಕಿದರು. ಯಾರೋ ಎಳನೀರು ಕೆತ್ತಿಕೊಂಡು ಬಂದು ಬಾಯಿಗೆ ಹಿಡಿದೇಬಿಟ್ಟರು. ಅಧ್ಯಕ್ಷರು ಕುಡಿದರು. ಕುಡಿಯದೆ ಏನು ಮಾಡುತ್ತಾರೆ?

ಹನ್ನೊಂದೂವರೆಗೆ ಆಲೆಮನೆ ಗೌಡರು ಬಂದರು. ಒಂದು ಮೀಟಿಂಗಿನಲ್ಲೂ ಕೊನೇತನಕ ಕೂತವರಲ್ಲ, ಒಂದು ಊಟ ತಪ್ಪಿಸಿದವರೂ ಅಲ್ಲ. ಬಂದವರೇ, "ಊಟ ಎಷ್ಟೊತ್ತಿಗೆ?" ಅಂದರು. ಕಾರ್ಯದರ್ಶಿಗಳು ಹಲ್ಲು ಕಡಿಯುತ್ತಾ ಕಥೆಯೆಲ್ಲ ಹೇಳಿದರು. ಗೌಡರು ಒಂದು ನಿಮಿಷ ತಲೆ ಕೆರೆದುಕೊಂಡರು.

"ಒಪ್ಪತ್ತು ಅಂದ್ರೆ ಒಂದೊತ್ತು ಉಣ್ಣದು ತಾನೆ? ಸಂಜೆ ಉಣ್ಣದ್ನ ಈಗ್ಲೇ ಉಣ್ಲಿ ಬುಡಿ. ಪೂಜೆ ಆಗ್ಬೇಕು, ಅಷ್ಟೇ ಅಲ್ವಾ?"

ನೆಟ್ಟಗೆ ದೇವಸ್ಥಾನಕ್ಕೆ ಹೋದರು. ಅರ್ಚಕರ ಹತ್ತಿರ ಏನು ಮಾತಾಡಿದರೋ, ಸಂಜೆಯ ಪೂಜೆ ಮಧ್ಯಾಹ್ನ ಹನ್ನೆರಡಕ್ಕೆ ಬಂತು. ಶಿಬಿರ ಮುಗಿದ ಮೇಲೆ ನಮಗೆ ಅಂತ ಇಟ್ಟಿದ್ದ ಊಟಕ್ಕೆ ಅಡುಗೆಯವರು ಇನ್ನೊಂದಷ್ಟು ಅಕ್ಕಿ ಹಾಕಿ ಸಾರು ತೆಳ್ಳಗೆ ಮಾಡಿದರು. ಮಂಗಳಾರತಿ ಆದ ಮೇಲೆ ಊರಿಗೆ ಊರೇ ಶಾಲೆ ಅಂಗಳದಲ್ಲಿ ಪಂಕ್ತಿ ಕೂತಿತು. ಗೌಡರೇ ಪಂಚೆ ಮೇಲೆತ್ತಿ ಕಟ್ಟಿ ಪಾಯಸದ ಬಕೆಟ್ ಹಿಡಿದರು. "ಉಣ್ಣು, ಉಣ್ಣು, ಆಮೇಕೆ ಒಂದ್ ಬಾಟ್ಲಿ ತಕ್ಕತೀವಿ" ಅಂತ ಎಲೆ ಎಲೆಗೂ ಹೇಳುತ್ತಾ ಹೋದರು. ತಿಂದವರು ಕೈತೊಳೆದು ಜಾರಿಕೊಳ್ಳುವ ಹಾಗೇ ಇರಲಿಲ್ಲ, ಯಾಕೆಂದರೆ ಗೇಟಿನಲ್ಲಿ ಕುರ್ಚಿ ಹಾಕಿಕೊಂಡು ಎಲೆಅಡಿಕೆ ಹಂಚುತ್ತಾ ಕೂತಿದ್ದವರೂ ಗೌಡರ ಆಲೆಮನೆಯವರೇ. ಡಾಕ್ಟರಮ್ಮನೂ ಊಟ ಮಾಡಿದರು. ಸ್ವಲ್ಪ ಹೊತ್ತು ಬಿಟ್ಟು ಸಾಲು ಶುರುವಾಯಿತು. ಸಂಜೆ ಐದರವರೆಗೂ ಮಂಚ ಖಾಲಿ ಆಗಲಿಲ್ಲ.

ಗೌಡರೂ ಮಲಗಿದರು. ಮಂಚ ಕಿರುಗುಟ್ಟಿತು. ತೂಕ 55 ಕೆ.ಜಿ. ದಾಟಿದವರಿಂದ 450 ಎಂ.ಎಲ್. ತೆಗೆಯಬಹುದು ಅಂತ ಸಿಸ್ಟರ್ ಹೇಳಿದ್ದಕ್ಕೆ, "ಅಷ್ಟೇಯ? ಆಲೆಮನೆ ಸೊಳ್ಳೆನೇ ಅದ್ಕಿಂತ ಜಾಸ್ತಿ ಕುಡಿತವೆ, ತಕ್ಕಳವ್ವ" ಅಂದರು.

ಮುಂದಿನ ಮೀಟಿಂಗಿನಲ್ಲಿ ಶಿಸ್ತು ನೋಡಿಕೊಳ್ಳುವ ನಮ್ಮ ಸಾರ್ಜೆಂಟರು ಗೌಡರಿಗೆ ಕ್ಲಬ್ಬಿನ ಬ್ಯಾಡ್ಜು ಪಿನ್ ಹಾಕಿಲ್ಲ ಅಂತ ದಂಡ ಹಾಕಿದರು. ನೂರರ ನೋಟು ಕೊಟ್ಟು, ಚಿಲ್ಲರೆ ಮುಂದಿನ ವಾರಗಳ ದಂಡಕ್ಕೆ ಇರಲಿ ಅಂದರು. ಮುಂದಿನ ಶಿಬಿರಕ್ಕೆ ಅವರನ್ನೇ ಚೇರ್ಮನ್ ಮಾಡೋಣ ಅಂತ ಅಧ್ಯಕ್ಷರು ಸೂಚಿಸಿದರು, ಅಧ್ಯಕ್ಷರಿಗೆ ಎಳನೀರಿನ ನೆನಪು ಇನ್ನೂ ಹಸಿಯಾಗಿತ್ತು. ಗೌಡರು ತಕ್ಷಣ ದಿನ ಗೊತ್ತು ಮಾಡಿದರು: ಮಾಲಯ ಅಮಾವಾಸ್ಯೆಯ ಮಾರನೇ ದಿನ. ಪಿತೃಪಕ್ಷದ ಬಾಡೂಟ ಉಂಡಿರುತ್ತಾರೆ, ಯಾರ ಹೊಟ್ಟೆಯೂ ಖಾಲಿ ಇರಲ್ಲ, ಹಿಮೋಗ್ಲೋಬಿನ್ ಅಂತೂ ಕೇಳಲೇಬೇಡಿ ಅಂತ ಅವರ ಲೆಕ್ಕ.

ಕಾರ್ಯದರ್ಶಿಗಳು ಎದ್ದು ನಿಂತು, ಒಂದು ಸಲ ಕೊಟ್ಟ ಗಂಡಸರು 90 ದಿನ, ಹೆಂಗಸರು 120 ದಿನ ಮತ್ತೆ ಕೊಡುವ ಹಾಗಿಲ್ಲ, ಆ ಊರಿನವರಿಗೆ ಅಷ್ಟು ದಿನ ಆಗಿರುವುದಿಲ್ಲ ಅಂತ ನಿಯಮ ಓದಿದರು.

"ಪಕ್ಕದೂರಲ್ಲಿ ಮಾಡಣ ಬುಡಿ ಸಾ," ಅಂದರು ಗೌಡರು, "ಅಲ್ಲೂ ನಂಗೆ ನೆಂಟ್ರವ್ರೆ. ಊಟಕ್ಕೆ ತೊಂದ್ರೆ ಇಲ್ಲ."